ಸಮಸ್ತರಲ್ಲಿ ಇಲ್ಲದವರನ್ನು ಹುಡುಕಿದ ಇಂದಿರಕ್ಕ

ಹಳೆಯ ಪತ್ರಿಕೆ ಓದುವಾಗ ಇಂದಿರಕ್ಕನ ಬೆರಳು 'ಜನ' ಎಂಬ ಮಾತು ಬಂದಲ್ಲೆಲ್ಲ ನಿಂತುಬಿಡುತ್ತಿತ್ತು. ಕನ್ನಡಕವನ್ನು ಹಣೆಗೇರಿಸಿ, ಕಾಗದಕ್ಕೆ ಮೂಗು ತಾಗುವಷ್ಟು ಬಾಗಿ, "ಇದರಾಗ ಹೆಣ್ಣುಮಕ್ಕಳು ಅದಾರೋ ಇಲ್ಲೋ?" ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು.

ಪುಣೆಯ ಖಡಕಿಯಲ್ಲಿನ ಕಾರ್ಖಾನೆಯೊಂದರ ಕಚೇರಿಯಿಂದ ನಿವೃತ್ತರಾದವರು, ಒಬ್ಬರೇ ಇದ್ದರು. ಪುಣೆಗೆ ಬಂದು ನೆಲೆಸಿದ ನಮ್ಮ ಸಮಾಜದ ಹಿರಿಯರು ಅಜ್ಜಂದಿರ ಕಾಲದಲ್ಲಿ ನಡೆಸುತ್ತಿದ್ದ ಕನ್ನಡ ವಾರಪತ್ರಿಕೆಯ ಕಟ್ಟುಗಳು ಅವರ ಮನೆಯಲ್ಲಿದ್ದವು. ವಿಮಾನ ನಗರದ ನನ್ನ ಕಚೇರಿಗೆ ರಜೆ ಇದ್ದಾಗ ಅವರಲ್ಲಿಗೆ ಹೋಗಿ, ಅವರು ಹೇಳಿದ್ದನ್ನು ಟೈಪು ಮಾಡುತ್ತಿದ್ದೆ.

ಒಂದು ದಿನ ಗಟ್ಟಿಯಾಗಿ ಓದಿದರು: 'ಸಮಾಜದ ಸಮಸ್ತರೂ ಸಭೆ ಸೇರಿದ್ದರು. ಹೆಂಗಸರಿಗೆ ಪ್ರವೇಶವಿರಲಿಲ್ಲ.' ನನ್ನ ಕಡೆ ತಿರುಗಿ, "ಹಂಗಾರ ಸಮಸ್ತರು ಅಂದ್ರ ಯಾರವ್ವಾ?" ಎಂದರು. ಇಬ್ಬರೂ ನಕ್ಕೆವು.

ಅದೇ ಕಟ್ಟಿನಲ್ಲಿ ಆ ಪ್ರಕಟಣೆ ಸಿಕ್ಕಿತು. ಮನೆಯ ಪಡಸಾಲೆಯಲ್ಲಿ ಹುಡುಗಿಯರಿಗೆ ಅಕ್ಷರ ಕಲಿಸುತ್ತಿದ್ದ ವಿಧವೆಯೊಬ್ಬಳನ್ನು 'ನಾವೆಲ್ಲರೂ ಒಮ್ಮತದಿಂದ' ಸಮಾಜದ ಹೊರಗಿಟ್ಟಿದ್ದೇವೆ ಎಂದಿತ್ತು. ಅವಳ ಹೆಸರಿರಲಿಲ್ಲ, 'ಇಂಥವರ ಸೊಸೆ' ಎಂದಷ್ಟೇ. ಸಹಿ ಹಾಕಿದವರೆಲ್ಲ ಗಂಡಸರು. ಇಂದಿರಕ್ಕ ಅದರ ಮೇಲೆ ಲೇಖನ ಬರೆದು, ತಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಸೇರಿಸಿದರು.

ಅಚ್ಚಾಗುವ ಮೊದಲೇ ಸುದ್ದಿ ಹರಡಿತು. ಇಂದಿರಕ್ಕನಿಗೆ ಫೋನುಗಳು ಬರತೊಡಗಿದವು; ಎತ್ತಿದರೆ ಆ ಕಡೆ ಬರೀ ಉಸಿರು. ಒಂದು ರವಿವಾರ ಮಧ್ಯಾಹ್ನ, ಸಹಿ ಹಾಕಿದವರ ಮೊಮ್ಮಕ್ಕಳಿಬ್ಬರು ಬಾಗಿಲಿಗೇ ಬಂದರು.

"ನಮ್ಮ ಹಿರ್ಯಾರ ಹೆಸರು ಕೆಡಸಬ್ಯಾಡ್ರಿ. ಇಡೀ ಸಮಾಜ ಸಿಟ್ಟಿಗೆದ್ದದ," ಎಂದ ಎತ್ತರದವನು.

"ಇಡೀ ಸಮಾಜ ಅಂದ್ರ, ನಿಮ್ಮ ಮನಿ ಹೆಣ್ಣುಮಕ್ಕಳನ್ನೂ ಕೇಳೀರೇನ್ರಿ?" ಎಂದರು ಇಂದಿರಕ್ಕ.

ಅವನು ನನ್ನತ್ತ ತಿರುಗಿದ. "ಈ ತಾಯಿ ವಿಮಾನ ನಗರಕ್ಕ ಕೆಲಸಕ್ಕ ಹೋಗ್ತಾರಲ್ಲ? ಸಂಜಿ ಆರಕ್ಕ ಬಿಡ್ತದ, ಹೌದಲ್ರಿ?"

ನಾನು ಒಂದು ಹೆಜ್ಜೆ ಹಿಂದಿಟ್ಟೆ.

ಅವರು ಹೋದ ಮೇಲೆ ಇಂದಿರಕ್ಕ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು. "ನನಗೂ ಭಾಳ ಅಂಜಿಕಿ ಆತವ್ವಾ. ಆದ್ರ ಆಕಿನ್ನ ಮತ್ತೊಮ್ಮೆ ಹೊರಗ ಹಾಕೂದು ನನ್ನ ಕೈಲೆ ಆಗೂದಿಲ್ಲ."

ನನ್ನ ಹೆಸರು ತೆಗೆಯಲೇ ಎಂದು ತಡವರಿಸುತ್ತ ಕೇಳಿದೆ. "ತಗಿಯವ್ವಾ," ಎಂದರು. ಅವರ ಎದುರಿಗೇ ಅಳಿಸಿದೆ.

ಲೇಖನ ಅವರೊಬ್ಬರ ಹೆಸರಿನಲ್ಲಿ ಬಂತು. ವಾರದೊಳಗೆ ಕಿಟಕಿಗೆ ಕಲ್ಲು ಬಿತ್ತು. ಧಾರವಾಡದ ತಂಗಿ ಬಂದು ಕರೆದೊಯ್ಯಲು ಹಟ ಹಿಡಿದಳು. ಹೊರಡುವ ದಿನ ಇಂದಿರಕ್ಕ ಫೋನು ಮಾಡಿ, "ಕಾತ್ರಜ ಬಸ್ ಸ್ಟಾಪಿಗೆ ಬಾರವ್ವಾ, ನಿನ್ನ ಮಾರಿ ನೋಡಿ ಹೋಗ್ತೀನಿ," ಎಂದರು.

ಹೋದೆ. ಬಸ್ಸಿನಿಂದ ಹತ್ತು ಹೆಜ್ಜೆ ಆಚೆ ಆ ಎತ್ತರದವನು ನಿಂತಿದ್ದ. ತನ್ನವರನ್ನು ಯಾರನ್ನೋ ಕಳಿಸಲು ಬಂದಿದ್ದನೇನೋ, ಇಂದಿಗೂ ಗೊತ್ತಿಲ್ಲ. ನಾನು ಚಹಾದಂಗಡಿಯ ಹಿಂದೆ ಸರಿದೆ. ಇಂದಿರಕ್ಕ ಕಿಟಕಿಯಿಂದ ಕತ್ತು ಚಾಚಿ ಎರಡೂ ಕಡೆ ಹುಡುಕುತ್ತಿದ್ದರು. ನನ್ನ ಕೈಯಲ್ಲಿ ಫೋನು ಅದುರಿತು. ಅವರದೇ. ಎತ್ತಲಿಲ್ಲ. ಧಾರವಾಡದ ಬಸ್ಸು ಸಾತಾರಾ ಕಡೆ ಹೊರಟಿತು.

ಸಂಜೆ ನಾನೇ ಫೋನು ಮಾಡಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆ ಎಂದೆ. "ಇರಲಿ ಬಿಡವ್ವಾ, ಪುಣೆದಾಗ ಗಾಡಿ ಭಾಳ," ಎಂದರು. ಮೂರು ತಿಂಗಳಿಗೆ ತೀರಿಕೊಂಡರು. ನನ್ನ ಮಾತನ್ನು ನಂಬಿದ್ದರೋ ಇಲ್ಲವೋ, ಕೇಳುವ ಧೈರ್ಯವೂ ನನಗೆ ಬರಲಿಲ್ಲ.