‘ಅಂತ’ ಅಂದರೆ ಕಿವಿ ನಿಮಿರಿಸುವ ಶೈಲಶ್ರೀ

ಬೆಳಿಗ್ಗೆ ಐದೂವರೆ. ಪುಣೆಯ ಯೆರವಡಾದ ಎರಡು ಕೋಣೆಯ ಮನೆಯಲ್ಲಿ ಶೈಲಶ್ರೀ ಚಹಾಕ್ಕೆ ನೀರಿಟ್ಟಿದ್ದಾರೆ. ಸಕ್ಕರೆ ಡಬ್ಬಿಯ ಮೇಲಿಟ್ಟ ಫೋನಿನಿಂದ ಜೋರು ದನಿ ಕೇಳುತ್ತಿದೆ. ಮಾತಾಡುತ್ತಿರುವವರು ಸಿದ್ದಲಿಂಗಪ್ಪ, ಪುಣೆ ಪಕ್ಕದ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯ ಮಾಲೀಕರು. ರಾತ್ರಿ ಪಾಳಿಯಲ್ಲಿ ಯಂತ್ರವೊಂದು ಮುರಿದಿದೆ. ಪತ್ರಕರ್ತರು ಗೇಟಿಗೆ ಬರುವ ಮೊದಲೇ ಅವರಿಗೊಂದು ಹೇಳಿಕೆ ಬೇಕು.

“ಯಾರಿಗೂ ಏನೂ ಆಗಿಲ್ಲಂತ. ಹಂಗ ಬರದು ಕಳಸ್ರಿ ಅಕ್ಕಾರ.”

ಶೈಲಶ್ರೀ ಒಲೆ ಆರಿಸುತ್ತಾರೆ. “ಆಗಿಲ್ಲೋ, ಆಗಿಲ್ಲಂತೋ? ನೀವು ಹೋಗಿ ನೋಡೀರೇನ್ರಿ?”

“ಇಲ್ರೀ, ಸುಪರ್‌ವೈಸರ್ ಹೇಳಿದ.”

“ಹಂಗಾದ್ರ ತಡೀರಿ. ನಾನ ಬರ್ತೀನಿ.”

ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ನಾನು ಬಂದು ಕುಳಿತ ಹೊತ್ತಿಗೇ ಇಂಥ ಕರೆ ಬರಬೇಕೇ? ನನಗೆ ಅನುಮಾನ. ಮಾಧ್ಯಮ ಸಲಹೆಗಾರರು ಎಂದರೆ ತಪ್ಪು ಮುಚ್ಚಿಹಾಕುವವರು ಎಂದೇ ನಮ್ಮ ಪತ್ರಕರ್ತರ ಬಳಗದ ಲೆಕ್ಕ. ಎಲೆಯ ಮರೆಯಲ್ಲಿರುವವರೆಲ್ಲ ಕಾಯಿಗಳೇ ಅಲ್ಲ, ಅಡಗಿ ಕುಳಿತವರೂ ಇರುತ್ತಾರೆ ಸ್ವಾಮಿ!

ಧಾರವಾಡದ ಶೈಲಶ್ರೀಗೆ ಈಗ ನಲವತ್ತಾರು. ಹದಿನೇಳು ವರ್ಷ ಮರಾಠಿ ಸುದ್ದಿವಾಹಿನಿಯೊಂದರಲ್ಲಿ ವರದಿಗಾರ್ತಿಯಾಗಿದ್ದರು. ಪುಣೆಯ ಕೊಂಢವಾದಲ್ಲಿ ಗೋಡೆ ಕುಸಿದ ದಿನ, ಜನರ ನಡುವೆ ನಮ್ಮ ಕಡೆಯವರೊಬ್ಬರು ಅಂದರು, “ನಿಜಲಿಂಗಪ್ಪ ಹೋದನಂತ.” ಇವರು ನೇರಪ್ರಸಾರದ ಗಡಿಬಿಡಿಯಲ್ಲಿ ಅದನ್ನು ಮರಾಠಿಗೆ ತಿರುಗಿಸಿದರು. ‘ಅಂತೆ’ ಎನ್ನುವ ಆ ‘ಅಂತ’ ಬಿಟ್ಟುಹೋಯಿತು, ಸತ್ತನಂತೆ ಎಂಬುದು ಸತ್ತ ಎಂದಾಯಿತು. ಅಲ್ಲಿ ಕೂಲಿಗಿದ್ದ ನಿಜಲಿಂಗಪ್ಪ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಮನೆಯಲ್ಲಿ ಅವನ ಹೆಂಡತಿ ಶಿವಗಂಗವ್ವ ಟಿವಿ ನೋಡಿ ಬಳೆ ಒಡೆದುಕೊಂಡಿದ್ದಳು.

“ಆ ಬಳಿ ಚೂರು ನಾನ ನೋಡೀನ್ರಿ. ಆಫೀಸಿನ್ಯಾಗ, ಟಿವಿ ಮ್ಯಾಲಿನ ಸುದ್ದಿಪಟ್ಟಿ ತಗದೀವಿ, ಮುಗೀತು ಅಂದ್ರು. ನನಗ ಮುಗೀಲಿಲ್ಲ.”

ಆರು ತಿಂಗಳಲ್ಲಿ ಕೆಲಸ ಬಿಟ್ಟರು. ಮಾಧ್ಯಮ ಸಲಹೆಯ ಸ್ವಂತ ಕೆಲಸ ಶುರುಮಾಡಿ ಮೂರು ವರ್ಷ. ದಿನಕ್ಕೆ ಮೂವತ್ತು ಕರೆ, ವಾರಕ್ಕೆ ಮೂರು ಹೇಳಿಕೆ. ಏಳು ಗಿರಾಕಿಗಳಿದ್ದರು. ಹೇಳಿದಂತೆ ಬರೆಯುವುದಿಲ್ಲವೆಂದು ಇಬ್ಬರು ಬಿಟ್ಟುಹೋದರು. ಹಳೆಯ ಸಹೋದ್ಯೋಗಿಗಳಲ್ಲಿ ಕೆಲವರು ಫೋನೇ ಎತ್ತುವುದಿಲ್ಲ. “ಒಂದ ಸುಳ್ಳು ಹೋತು ಅಂದ್ರ, ಎತ್ತೋರೂ ಎತ್ತೂದಿಲ್ರಿ. ಆಮ್ಯಾಲೆ ನಾ ಏನ್ ಮಾಡ್ಲಿ?”

ಎಂಟಕ್ಕೆ ಚಾಕಣ ತಲುಪುತ್ತೇವೆ. ಎಲ್ಲ ಸರಿಯಿದೆ ಎನ್ನುತ್ತಾನೆ ಸುಪರ್‌ವೈಸರ್. ಶೈಲಶ್ರೀ ವಾದಿಸುವುದಿಲ್ಲ, ಹಾಜರಿ ಪುಸ್ತಕ ಕೇಳುತ್ತಾರೆ. ಪಾಳಿಗೆ ಬಂದವರು ಇಪ್ಪತ್ತೆರಡು, ಹೋಗುವಾಗ ಸಹಿ ಮಾಡಿದವರು ಇಪ್ಪತ್ತೊಂದು. ಸಹಿ ಇಲ್ಲದವನು ಮಾಂತು. ಹಿಂದಿನ ಬೀದಿಯ ದವಾಖಾನೆಯಲ್ಲಿ ಮಲಗಿದ್ದಾನೆ. ಎರಡು ಬೆರಳು ಜಜ್ಜಿಹೋಗಿವೆ. ಶೈಲಶ್ರೀ ಹೋಗಿ ನೋಡಿ ಬರುತ್ತಾರೆ.

ಸಿದ್ದಲಿಂಗಪ್ಪನವರ ಮುಖ ಕೆಂಪಾಗುತ್ತದೆ. “ಅಕ್ಕಾರ, ನಿಮ್ಮನ್ನ ಇಟ್ಕೊಂಡಿದ್ದು ಇದನ್ನ ಬರಿಯಾಕೇನ್ರಿ?”

“ಇದನ್ನ ಬರಿಯಾಕ ರೀ. ಬ್ಯಾಡಂದ್ರ ಬ್ಯಾರೇದವರನ್ನ ನೋಡ್ರಿ.”

ಅವರು ಅಂಗಳದಲ್ಲಿ ನಾಲ್ಕು ಸುತ್ತು ಹಾಕುತ್ತಾರೆ. ಕೊನೆಗೆ, “ಬರೀರಿ,” ಎನ್ನುತ್ತಾರೆ. ಒಬ್ಬ ಕಾರ್ಮಿಕನ ಕೈಗೆ ಪೆಟ್ಟಾಗಿದೆ ಎಂದೇ ಹೇಳಿಕೆ ಹೋಗುತ್ತದೆ.

ನನ್ನ ಹಾಳು ಅನುಮಾನ ಆಗಲೂ ಬಿಡುವುದಿಲ್ಲ. ಇದೆಲ್ಲ ನನಗಾಗಿ ಆಡಿದ ಆಟವಾಗಿದ್ದರೆ? ಅವರಿಗೆ ಹೇಳದೆ ದವಾಖಾನೆಗೆ ಹೋಗುತ್ತೇನೆ. ಮಾಂತು ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಕುಳಿತಿದ್ದಾನೆ. “ಆ ಅಕ್ಕಾರು ಬಂದಿದ್ರಲ್ರೀ. ಜೀವಕ್ಕ ಏನೂ ಇಲ್ಲ ಅಂತ ಡಾಕ್ಟರ ಬಾಯಿಂದನ ಕೇಳಿದ್ರು. ನಮ್ಮವ್ವಗ ಫೋನ್ ಹಚ್ಚಿ, ನೀನ ಮಾತಾಡಪಾ ಅಂದ್ರು.”

ಮರಳುವ ದಾರಿಯಲ್ಲಿ ಹೀಗೆ ಹೇಳದೆ ಹೋಗಿ ವಿಚಾರಿಸಿದ್ದನ್ನು ನಾಚಿಕೆಯಿಂದಲೇ ಒಪ್ಪಿಕೊಂಡೆ. ಶೈಲಶ್ರೀ ಜೋರಾಗಿ ನಕ್ಕರು.

“ಹೋಗಿ ನೋಡಿದ್ರಲ್ಲ, ಭಾಳ ಚಲೋ ಆತು. ನನ್ನ ಬಗ್ಗೆನೂ ಕಣ್ಣಾರೆ ನೋಡಿದ್ದನ್ನ ಬರೀರಿ. ‘ಶೈಲಶ್ರೀ ಒಳ್ಳೇಕಿ ಅಂತ’ ಅಂತ ಮಾತ್ರ ಬರೀಬ್ಯಾಡ್ರಿ.”