ಮೂರನೆಯ ಕೇಬಲ್

2018ರಲ್ಲಿ ನಾನು ಸವಣೂರಿನಲ್ಲಿ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸರ್ ಆಗಿದ್ದೆ. ಹಿರೇಕೆರೂರಿನ ಹಮಾಲರೊಬ್ಬರ ಮಗ ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಬಾಡಿಗೆ ಮನೆಯ ಬಾಗಿಲಿಗೂ ಬಿ.ಇ. ಎಂದು ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಅದನ್ನು ಹೇಳಲು ನಾಚಿಕೆಯಿಲ್ಲ. ಮುಂದಿನದನ್ನು ಹೇಳಲು ಇದೆ.

ಮೌಲಾಸಾಬ ಮಾಸ್ತರರು ಅದೇ ಊರಿನ ನಿವೃತ್ತ ಶಿಕ್ಷಕರು, ಹಿಂದೂಸ್ತಾನಿ ಸಂಗೀತದ ಹುಚ್ಚಿನವರು. ಕಂಪ್ಯೂಟರಿನಲ್ಲಿದ್ದ ಹಾಡುಗಳನ್ನು ಹಳೆಯ ಆಂಪ್ಲಿಫೈಯರಿಗೆ ಜೋಡಿಸಿ ಕೇಳುತ್ತಿದ್ದರು. ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು ಅವರನ್ನು ಕಾಡುತ್ತಿತ್ತು. ಪವರ್ ಕೇಬಲ್ ಬದಲಿಸಿದರೆ ಹೋಗುತ್ತದೆಂದು ಯಾರೋ ಹೇಳಿದ್ದರಂತೆ. ಯಲವಿಗಿಯಲ್ಲಿ ಲೈನ್ ಕೆಲಸ ಮುಗಿಸಿ ಬರುತ್ತಿದ್ದ ನನ್ನನ್ನು ಒಂದು ಮಧ್ಯಾಹ್ನ ಮನೆಗೆ ಕರೆದರು.

"ಬರ್ರಿ ಸಾಹೇಬ್ರ, ಕುಂದರ್ರಿ. ಮೂರು ಕೇಬಲ್ ಅದಾವು. ಇವತ್ತು ನೀವ ಜಡ್ಜು."

ಒಂದು ಆಂಪ್ಲಿಫೈಯರಿನ ಜೊತೆಗೇ ಬಂದದ್ದು, ಒಂದು ಹುಬ್ಬಳ್ಳಿಯಿಂದ ತಂದ ದಪ್ಪನೆಯದು, ಇನ್ನೊಂದು ಎಲ್ಲಿಂದಲೋ ತರಿಸಿದ ನೀಲಿ ಬಣ್ಣದ್ದು. ಯಾವುದೆಂದು ಕಾಣಬಾರದೆಂದು ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಬಿ.ಎಡ್. ಓದುತ್ತಿದ್ದ ಮಗಳು ರೆಹಾನಾ ಒಂದೊಂದನ್ನೇ ಬದಲಿಸಿದಳು. ಮೊದಲೆರಡರಲ್ಲಿ ಗುಂಯ್ ಸದ್ದು ಇತ್ತು. ಮೂರನೆಯದರಲ್ಲಿ ಮಾಯ.

"ಇದ ನೋಡ್ರಿ ಮಾಲು" ಎಂದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಬಲಾದ ಡಗ್ಗಾದ ನಾದ ಕೂಡ ಬಿಗಿಯಾಗಿ ಕೇಳುತ್ತಿದೆ ಎಂದೆ. ಮಾಸ್ತರರು ಹಿಗ್ಗಿದರು.

ಆ ಮೂರನೆಯದು ನೀಲಿ ಬಣ್ಣದ್ದು. ರೆಹಾನಾ ಮಾತ್ರ ಅದರ ಪ್ಲಗ್ಗನ್ನು ತಿರುವಿ ನೋಡುತ್ತಿದ್ದಳು. "ಸರ್, ಸದ್ದು ಹೋತು ಅಂದ್ರ ಛಲೋ ಐತಿ ಅಂತನ ಏನ್ರಿ? ಒಳಗ ಬಿಚ್ಚಿ ನೋಡೂದಿಲ್ಲನ್ರಿ?"

"ಯವ್ವಾ, ನಾ ಬಿ.ಇ. ಮಾಡಿದ್ದು ಸ್ಕ್ರೂ ಬಿಚ್ಚಾಕಲ್ಲ" ಎಂದು ನಕ್ಕೆ. ಮಾಸ್ತರರೂ ನಕ್ಕರು. ತಂತಿ ಪರೀಕ್ಷಿಸುವ ಮಲ್ಟಿಮೀಟರ್ ನನ್ನ ಚೀಲದಲ್ಲೇ ಇತ್ತು.

ನಾಲ್ಕು ತಿಂಗಳ ಮೇಲೆ ಬೆಳಿಗ್ಗೆ ಆಫೀಸಿಗೆ ಫೋನ್ ಬಂತು. ಮಾಸ್ತರರು ಆಂಪ್ಲಿಫೈಯರ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡಿದ್ದರು. ಪ್ರಾಥಮಿಕ ವರದಿ ಬರೆಯಬೇಕಾದವನು ನಾನು. ಹೋದಾಗ ಅಂಗಳದ ತುಂಬ ಜನ. ರೆಹಾನಾ ಅಡುಗೆಮನೆಯ ಮೂಲೆಯಲ್ಲಿದ್ದಳು.

"ನಾ ನೆಲ ಒರಸಿ ಐದು ನಿಮಿಷ ಆಗಿರ್ಲಿಲ್ರಿ. ಅಬ್ಬಾ ಬರಿಗಾಲಿಲೆ ಬಂದ್ರು."

ಪಕ್ಕದಲ್ಲಿದ್ದ ಅವಳ ದೊಡ್ಡಮ್ಮ, "ಆರೂತನಕ ತಡೀಬೇಕಿತ್ತು. ಓದಿದಾಕಿಗೆ ಅಷ್ಟೂ ತಿಳೀಲಿಲ್ಲ" ಎಂದಳು. ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು.

ಮೇನ್ ಆಫ್ ಮಾಡಿ ನೀಲಿ ಕೇಬಲ್ಲಿನ ಪ್ಲಗ್ ಬಿಚ್ಚಿದೆ. ಹೊರಗೆ ಮೂರು ಪಿನ್ನು. ಒಳಗೆ ಅರ್ಥಿಂಗ್ ವೈರನ್ನು ಯಾರೋ ಕತ್ತರಿಸಿ ಟೇಪ್ ಸುತ್ತಿದ್ದರು.

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಕರೆಂಟಿನ ತಂತಿ ಯಂತ್ರದ ಪೆಟ್ಟಿಗೆಯ ಲೋಹಕ್ಕೆ ತಾಗಿದರೆ ಆ ಕರೆಂಟನ್ನು ಭೂಮಿಗೆ ಎಳೆದು ಫ್ಯೂಸ್ ಹಾರಿಸುವುದು ಅರ್ಥಿಂಗ್. ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ಬೇರೆ ಬೇರೆ ಅರ್ಥಿಂಗ್ ಇದ್ದು, ನಡುವೆ ಹಾಡಿನ ವೈರ್ ಸೇರಿದಾಗ ಒಂದು ಸುತ್ತು ಆಗುತ್ತದೆ. ಗುಂಯ್ ಸದ್ದು ಬರುವುದು ಅದರಿಂದ. ಒಂದು ಕಡೆ ಅರ್ಥಿಂಗ್ ಕತ್ತರಿಸಿದರೆ ಸದ್ದು ನಿಲ್ಲುತ್ತದೆ, ರಕ್ಷಣೆಯೂ ನಿಲ್ಲುತ್ತದೆ. ಅಲ್ಲಿಯವರೆಗೆ ಆಂಪ್ಲಿಫೈಯರಿಗೆ ಕಂಪ್ಯೂಟರಿನ ಸಣ್ಣ ವೈರಿನ ಮೂಲಕವಾದರೂ ಅರ್ಥಿಂಗ್ ಸಿಗುತ್ತಿತ್ತು. ಆ ವಾರ ಕಂಪ್ಯೂಟರ್ ರಿಪೇರಿಗೆ ಹೋಗಿ, ಮಾಸ್ತರರು ಮೊಬೈಲ್ ಜೋಡಿಸಿ ಹಾಡು ಕೇಳುತ್ತಿದ್ದರು; ಆ ಆಸರೆಯೂ ತಪ್ಪಿತ್ತು. ಆಂಪ್ಲಿಫೈಯರಿನೊಳಗಿನ ಹಳೆಯ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಹೊದಿಕೆ ಸುಟ್ಟು ಪೆಟ್ಟಿಗೆಗೆ ಕರೆಂಟ್ ಇಳಿದಿತ್ತು. ಸದ್ದು ಮಾಡುತ್ತಿದ್ದ ಆ ಎರಡು ಕೇಬಲ್ಲುಗಳಲ್ಲಿ ಯಾವುದಿದ್ದರೂ ಫ್ಯೂಸ್ ಹೋಗುತ್ತಿತ್ತು, ಮಾಸ್ತರರು ಉಳಿಯುತ್ತಿದ್ದರು.

ಮೇಲಧಿಕಾರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರ ಸಲಹೆ ಹೀಗಿತ್ತು: "ಹಳೇ ಮಷೀನು, ಹಸಿ ನೆಲ. ಅಷ್ಟ ಬರದು ಮುಗಸ್ರಿ. ನಿಮ್ಮ ಕಿವಿ ವಿಚಾರ ವರದಿಯೊಳಗ ಯಾಕ?"

ಬರೆಯಲು ಕುಳಿತೆ. ಹಸಿ ನೆಲ ಎಂದು ಬರೆದರೆ ಸುಳ್ಳೂ ಅಲ್ಲ. ಆದರೆ ಸರ್ಕಾರದ ಮೊಹರು ಬಿದ್ದ ಕಾಗದದಲ್ಲಿ ನೆಲ ಒರೆಸಿದವಳೇ ಅಪ್ಪನನ್ನು ಕೊಂದಳು ಎಂದಂತೆಯೇ ಸರಿ. ಅರ್ಥಿಂಗ್ ಇಲ್ಲದ ಕೇಬಲ್ ಕಾರಣವೆಂದೂ, ಅದನ್ನು ಪರೀಕ್ಷಿಸದೆ ಒಳ್ಳೆಯದೆಂದು ಹೇಳಿದವನು ನಾನೆಂದೂ ಬರೆದು ಸಹಿ ಮಾಡಿದೆ. ನೋಟಿಸ್ ಬಂತು, ಬಡ್ತಿ ತಡವಾಯಿತು. ಅದು ದೊಡ್ಡದಲ್ಲ.

ದೊಡ್ಡದು ರೆಹಾನಾಳ ಮುಂದೆ ನಿಂತದ್ದು. ವರದಿ ಕಳಿಸಿದ ದಿನವೇ ಹೋಗಿ, "ತಪ್ಪು ನಿಂದಲ್ಲ ತಂಗಿ, ನಂದು" ಎಂದೆ.

ಅವಳು ಅಳಲಿಲ್ಲ. "ನನಗ ಒಬ್ಬಾಕಿಗೇ ಹೇಳಿದ್ರ ಏನಾತ್ರಿ? ಹೊರಗ ಎಲ್ಲಾರೂ ಕುಂತಾರ. ಅವರ ಮುಂದ ಹೇಳ್ರಿ."

ಅಂಗಳದಲ್ಲಿ ನಿಂತು ಹೇಳಿದೆ. ದೊಡ್ಡಮ್ಮ ಮುಖ ತಿರುಗಿಸಿಕೊಂಡಳು. ಹೊರಡುವಾಗ ಬಾಗಿಲವರೆಗೆ ಬಂದ ರೆಹಾನಾ ಮೆಲ್ಲಗೆ ಹೇಳಿದಳು: "ಅವತ್ತು ನಾ ಕೇಳಿದ್ನಲ್ರಿ, ಸರ್."

ಶಿಗ್ಗಾಂವಿ, ಹಾನಗಲ್ಲಿನಲ್ಲೂ ನೌಕರಿ ಮಾಡಿದೆ. ಲೈನ್‌ಮನ್ ಇರಲಿ, ಮನೆಯವರಿರಲಿ, ಯಾರು ಪ್ರಶ್ನೆ ಕೇಳಿದರೂ ಮೊದಲು ಸ್ಕ್ರೂ ಬಿಚ್ಚುತ್ತೇನೆ, ಮೀಟರ್ ಹಿಡಿಯುತ್ತೇನೆ, ಆಮೇಲೆ ಉತ್ತರ ಕೊಡುತ್ತೇನೆ. ನನ್ನ ಡಿಗ್ರಿ ಕಷ್ಟಪಟ್ಟು ಗಳಿಸಿದ್ದು, ಅದರ ಹೆಮ್ಮೆ ಈಗಲೂ ಇದೆ. ಆದರೆ ಪ್ಲಗ್ಗಿನ ಒಳಗೆ ಏನಿದೆಯೆಂದು ಡಿಗ್ರಿಗೆ ಕಾಣುವುದಿಲ್ಲ. ಅದನ್ನು ಬಿಚ್ಚಲು ಎರಡು ನಿಮಿಷ ಸಾಕಿತ್ತು.