ಓರಗಿತ್ತಿಯ ಫ್ರಿಜ್ಜಿನ ಮೇಲಿನ ಡಬ್ಬಿ

ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವ ಕಾರ್ಖಾನೆಯೊಂದು ತನ್ನ ಹೆಂಗಸರಿಗೆ ಎಂಟು ತಿಂಗಳ ಓವರ್‌ಟೈಮ್ ಕೂಲಿ ಕೊಡಬೇಕು. ಇದನ್ನು ಬರೆಯುವ ಹೊತ್ತಿಗೂ ಕೊಟ್ಟಿಲ್ಲ. ಆದರೆ ಆ ಬಾಕಿಯನ್ನೇ ನುಂಗಲು ಹೊರಟ ಮ್ಯಾನೇಜರನ ಆಟ ನಡೆಯಲಿಲ್ಲ. ನಡೆಯಗೊಡದವಳು ಅಲ್ಲಿ ಚಾದರ ಮಡಿಸುವ ಹೆಂಗಸು. ಕಾರ್ಮಿಕ ಸಂಘದ ಕೆಲಸದಲ್ಲೇ ತಲೆ ನರೆತ ನನಗೆ ಭಾಷಣ ಬಿಗಿಯುವವರು ಬೇಕಾದಷ್ಟು ಜನ ಗೊತ್ತು. ಇಂಥವಳು ಒಬ್ಬಳೇ ಗೊತ್ತು.

ಮ್ಯಾನೇಜರ್ ಒಬ್ಬೊಬ್ಬರನ್ನೇ ಒಳಗೆ ಕರೆದು, ಲೆಕ್ಕ ಚುಕ್ತಾ ಎಂಬ ಕಾಗದ ಮುಂದೆ ತಳ್ಳಿ, "ಎಲ್ಲರದೂ ಸಹಿ ಆಯ್ತು, ನೀನೊಬ್ಬಳೇ ಉಳಿದಿರೋದು" ಎನ್ನುತ್ತಿದ್ದ. ಹಗಲು ಪಾಳಿಯವರು ರಾತ್ರಿ ಪಾಳಿಯವರ ಮುಖ ನೋಡುವುದೇ ಅಪರೂಪ. ಒಳಗೆ ಯಂತ್ರದ ಗದ್ದಲಕ್ಕೆ ಪಕ್ಕದವಳ ಮಾತೂ ಕೇಳದು. ಹೆಂಗಸರ ಫೋನಿನಲ್ಲಿದ್ದ ಸಂದೇಶದ ಗುಂಪಿನಲ್ಲಿ ಮೇಸ್ತ್ರಿಯೇ ಕಿವಿ ನೆಟ್ಟು ಕೂತಿದ್ದ.

ಯಾವ ಕಂಪನಿಯ ಹಂಗೂ ಇಲ್ಲದೆ ಮನೆಯ ಕಂಪ್ಯೂಟರಿನಿಂದಲೇ ನಡೆಯುವ ಸಂದೇಶದ ಪ್ರೋಗ್ರಾಂ ಒಂದು ನಮ್ಮ ಸಂಘದಲ್ಲಿತ್ತು. ಆ ಚಾದರ ಮಡಿಸುವವಳು ಅದನ್ನು ಕೇಳಿ ಪಡೆದು ಗಂಡನ ಹಳೆಯ ಕಂಪ್ಯೂಟರಿಗೆ ಹಾಕಿದಳು. ಮನೆಯೊಳಗೆ ಸಲೀಸಾಗಿ ನಡೆಯಿತು. ಹೊರಗಿನವರು ಬರೆದದ್ದು ಮಾತ್ರ ಒಂದಕ್ಷರವೂ ಬರಲಿಲ್ಲ.

ಅವಳದು ಗಂಡನ ಅಣ್ಣತಮ್ಮಂದಿರೆಲ್ಲ ಇರುವ ಮನೆ. ಮೂರು ಸಂಸಾರಕ್ಕೆ ಒಂದೇ ಇಂಟರ್ನೆಟ್. ತೊಡಕು ಎಲ್ಲಿದೆಯೆಂದು ನನಗೆ ಬಿಡಿಸಿ ಹೇಳಿದ್ದು ಅವಳೇ. "ಬೀದಿಯಲ್ಲಿ ನಿಂತು 'ಅಕ್ಕಾ' ಅಂತ ಕೂಗಿದ್ರೆ ನಮ್ಮನೇಲಿ ಮೂರು ಜನ 'ಓ' ಅಂತೀವಿ. ವೈಫೈ ಡಬ್ಬಿಗೂ ಅದೇ ಪಾಡು. ಯಾರನ್ನ ಕರೀಬೇಕೋ ತಿಳೀದೆ ಬಂದವರನ್ನ ಹಂಗೇ ಕಳಿಸ್ತಿದೆ. ಈ ಕೂಗು ಆ ಕಂಪ್ಯೂಟರಿಗೆ ಅಂತ ಅದರೊಳಗೆ ಬರೆದಿಡ್ಬೇಕು."

ಬರೆಯಲು ಡಬ್ಬಿಯ ಪಾಸ್‌ವರ್ಡ್ ಬೇಕು. ಡಬ್ಬಿ ಇದ್ದದ್ದು ಹಿರಿಯ ಓರಗಿತ್ತಿಯ ಅಡುಗೆಮನೆಯಲ್ಲಿ, ಫ್ರಿಜ್ಜಿನ ಮೇಲೆ. ಬಟ್ಟೆ ಒಣಹಾಕುವ ಹಗ್ಗದ ಜಗಳದಿಂದ ಇಬ್ಬರಿಗೂ ಮಾತು ಬಿಟ್ಟು ವರ್ಷವಾಗಿತ್ತು. ಅವಳು ನೆಟ್ಟಗೆ ಒಳಗೆ ಹೋಗಿ ಕೇಳಿದಳು.

"ಓಹೋ, ಬಾಯಿ ಬಂತಾ? ಮೂಕಿ ಆಗ್ಬಿಟ್ಟೆ ಅಂದ್ಕೊಂಡಿದ್ದೆ," ಎಂದಳು ಓರಗಿತ್ತಿ.

"ಬಯ್ಯೋದನ್ನೆಲ್ಲ ಬಯ್ದು ಆಮೇಲೆ ಕೊಡಿ ಅಕ್ಕ. ಕಾದಿರ್ತೀನಿ."

"ನಿಮ್ಮ ಹೆಂಗಸರೆಲ್ಲ ನುಗ್ಗಿ ನನ್ನ ಧಾರಾವಾಹಿ ನಿಂತ್ರೆ?"

"ನಿಂತ್ರೆ ಮ್ಯಾನೇಜರ್ ಕತೆ ಹೇಳ್ತೀನಿ. ಅದರಷ್ಟು ಸುಳ್ಳು ನಿಮ್ಮ ಧಾರಾವಾಹೀಲೂ ಇಲ್ಲ."

ಓರಗಿತ್ತಿ ಸ್ಟೂಲು ಎಳೆದಳು. ಮಾಡುವುದನ್ನು ಪಕ್ಕದಲ್ಲೇ ಕೂತು ನೋಡುತ್ತೇನೆ, ಹಾಗಿದ್ದರೆ ಮಾತ್ರ, ಎಂದಳು. ಮೊದಲ ಸಲ ಒಂದು ಅಂಕಿ ತಪ್ಪಿ ಇಡೀ ಮನೆಯ ನೆಟ್ ಹೋಯಿತು. ಮಹಡಿಯಿಂದ ಭಾವನ ಕೂಗು: "ಯಾರದು ನೆಟ್ ಕಿತ್ತಿದ್ದು?"

"ನಾನೇ. ಡಬ್ಬಿ ಧೂಳು ಒರೆಸ್ತಿದೀನಿ. ಬಂದು ನೀವೇ ಒರೆಸ್ತೀರಾ?" ಎಂದಳು ಓರಗಿತ್ತಿ.

ಎರಡನೆಯ ಸಲ ಸರಿಯಾಗಿ ಕೂತಿತು. ಬಸ್ ನಿಲ್ದಾಣದಿಂದ ಇಸ್ತ್ರಿ ವಿಭಾಗದವಳೊಬ್ಬಳು ಬರೆದಳು: "ಕಾಣ್ತಿದೀನಾ?" ಓರಗಿತ್ತಿಯೇ ಗಟ್ಟಿಯಾಗಿ ಓದಿದಳು.

ವಾರದಲ್ಲಿ ಎಲ್ಲರೂ ಬಂದರು. ನಿಮ್ಮ ಹೆಸರೇನೆಂದು ಪ್ರೋಗ್ರಾಂ ಕೇಳಿದಾಗ, ತಮ್ಮನ್ನು ಜನ ಏನೆಂದು ಕರೆಯುತ್ತಾರೋ ಅದನ್ನೇ ಒಬ್ಬೊಬ್ಬರೂ ಒತ್ತಿದ್ದರು. ಪರದೆ ತುಂಬ ಅಕ್ಕ, ಅಕ್ಕ, ಅಕ್ಕ. ಇದೇನಮ್ಮ ಸಂತೆ, ತಿದ್ದಿಸು ಎಂದೆ.

"ಇರ್ಲಿ ಬಿಡಿ ಅಣ್ಣ. ಬರೆಯೋ ಧಾಟೀಲೇ ಯಾರು ಅಂತ ನಮಗೆ ಗೊತ್ತಾಗುತ್ತೆ."

ಮುಂದಿನ ಸಲ ಮ್ಯಾನೇಜರ್ ತನ್ನ ಹಳೇ ರಾಗ ತೆಗೆದಾಗ ಆ ಇಸ್ತ್ರಿಯವಳು, "ಯಾರೂ ಸಹಿ ಹಾಕಿಲ್ಲ ಸಾರ್, ಈಗಷ್ಟೇ ನೋಡ್ಕೊಂಡು ಬಂದೆ" ಎಂದಳು. ಅವನು ಫೋನು ಕಿತ್ತುಕೊಂಡು ನೋಡಿದ. ಉದ್ದಕ್ಕೂ ಅಕ್ಕ: ನಾನು ಹಾಕಿಲ್ಲ. ಅಕ್ಕ: ನಾನೂ ಹಾಕಿಲ್ಲ. ಅದನ್ನೇ ಹಿಡಿದು ಚಾದರ ಮಡಿಸುವ ಮೇಜಿಗೆ ಬಂದ. ಶುರು ಮಾಡಿದವಳ ಹೆಸರು ಸಿಕ್ಕಿದ್ದರೆ ಅವಳ ಕೆಲಸ ಅಂದೇ ಹೋಗುತ್ತಿತ್ತು.

"ಇದನ್ನ ಶುರು ಮಾಡಿದ ಅಕ್ಕ ಯಾರು?"

ಅವಳು ಚಾದರದ ಅಂಚಿಗೆ ಅಂಚು ಕೂಡಿಸುತ್ತಲೇ ಕೇಳಿದಳು: "ಇಲ್ಲಿರೋರೆಲ್ಲ ಅಕ್ಕಂದಿರೇ ಸಾರ್. ನಿಮಗೆ ಯಾವ ಅಕ್ಕ ಬೇಕಿತ್ತು?"

ಒಂದು ಸಹಿಯೂ ಬೀಳಲಿಲ್ಲ. ದೂರು ಕಾರ್ಮಿಕ ಇಲಾಖೆ ಸೇರಿದೆ. ದುಡ್ಡು ಬಂದೇ ಬರುತ್ತದೆಂದು ನಾನು ಆಣೆ ಹಾಕುವುದಿಲ್ಲ. ಆದರೆ ಸಹಿ ಬೀಳದ್ದರಿಂದ ಕೇಳುವ ಹಕ್ಕು ಇನ್ನೂ ಅವರ ಕೈಯಲ್ಲೇ ಇದೆ.

ಇನ್ನೊಂದು ಕಾರ್ಖಾನೆಯ ಹೆಂಗಸರೂ ಇದೇ ಪ್ರೋಗ್ರಾಂ ಕೇಳಿಕೊಂಡು ಬಂದಿದ್ದಾರೆ. ಒಂದೇ ಕೋಣೆಯ ಬಾಡಿಗೆ ಮನೆಗಳವರು. ಡಬ್ಬಿಯೂ ಇಲ್ಲ, ಕಂಪ್ಯೂಟರೂ ಇಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎರಡೂ ಇವೆ, ಹಗಲೂ ರಾತ್ರಿ ಸುಮ್ಮನೆ ಉರಿಯುತ್ತಿವೆ. ಅವುಗಳಲ್ಲಿ ಅವರಿಗೊಂದು ದಾರಿ ಬಿಡಿ. ಮೆಚ್ಚಿಕೊಂಡು ಪುಟ ಮಗುಚಬೇಡಿ. ಬಿಡುತ್ತೀರೋ ಇಲ್ಲವೋ, ಅದನ್ನು ಹೇಳಿ.